ಲಕ್ಷ್ಮವ್ವನ ಮೂರರಿಂದ ನಾಲ್ಕು

‘ಬಾಯಿ ಬೊಂಬಾಯಿ’ ಎಂಬ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ಅವರೇನಾದರೂ ಲಕ್ಷ್ಮವ್ವನನ್ನು ಕಂಡಿದ್ದರೆ ಬೊಂಬಾಯಿ ಸಾಲದೆಂದು ಇನ್ನೂ ದೊಡ್ಡ ಊರೊಂದನ್ನು ಹುಡುಕಿಕೊಂಡು ಹೋಗುತ್ತಿದ್ದರು. ಬಸವೇಶ್ವರನಗರದ ಒಳರಸ್ತೆಯಲ್ಲಿ, ಬಾಡಿಗೆ ಮನೆಗಳ ಸಾಲಿನ ಹಿಂದೆ ಒಂದು ಖಾಸಗಿ ಈಜುಕೊಳವಿದೆ. ಅದರ ಗೇಟಿಗೆ ಹೋಗುವ ಮೊದಲೇ ಅವಳ ದನಿ ಎದುರಾಗುತ್ತದೆ. ಕಾಲು ತೊಳೆಯದೆ ನೀರಿಗಿಳಿದವರು, ತಲೆಗೆ ಟೋಪಿ ಹಾಕದವರು, ಕೊಳದ ಅಂಚಿನಲ್ಲಿ ಕೂತು ಚಿಪ್ಸ್ ತಿಂದು ಪೊಟ್ಟಣ ಅಲ್ಲೇ ಬಿಟ್ಟವರು, ಎಲ್ಲರಿಗೂ ಅವಳಲ್ಲಿ ಒಂದೇ ತಕ್ಕಡಿ. ದೊಡ್ಡ ಕಾರಿನಲ್ಲಿ ಬಂದವನಿಗೂ ಬೈಗುಳ ಒಂದು ಗುಲಗಂಜಿ ಕಡಿಮೆಯಾಗುವುದಿಲ್ಲ.

ಅವಳ ಊರು ದೇವದುರ್ಗದ ಕಡೆ. ಊರ ಪಕ್ಕದಲ್ಲೇ ಕಾಲುವೆ. ಹುಡುಗಿಯಾಗಿದ್ದಾಗ ಅವಳು ಆ ಕಾಲುವೆಯಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕಿ ಈಜಿದವಳು. ದೊಡ್ಡವಳಾದ ದಿನ ತಾಯಿ ಕಾಲುವೆಯ ಹಾದಿಯನ್ನೇ ಬಂದ್ ಮಾಡಿದಳು. ಅಂದಿನಿಂದ ಲಕ್ಷ್ಮವ್ವನಿಗೆ ನೀರೆಂದರೆ ಕೊಡದೊಳಗಿನದ್ದು ಮಾತ್ರ. ತಮ್ಮಂದಿರು ಕಾಲುವೆಯಿಂದ ಕೆಂಗಣ್ಣು ಮಾಡಿಕೊಂಡು ಬಂದು ಊಟಕ್ಕೆ ಕೂತಾಗ ಬಡಿಸುತ್ತಿದ್ದವಳು ಅವಳು. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ, ಇಳಿಯಬೇಕೆಂದು ಅವಳಿಗೆ ಆಸೆಯೂ ಇಲ್ಲ.

ಗಂಡ ಮರೆಪ್ಪ ಗಾರೆ ಕೆಲಸದವನು, ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುವುದರಿಂದ ಅವನಿಗೆ ಅದರ ಅಗತ್ಯವೂ ಬಿದ್ದಿಲ್ಲ. ಮದುವೆಯಾದ ಹೊಸತರಲ್ಲಿ ಕೆಲಸದ ತಂಡದೊಂದಿಗೆ ಬೆಂಗಳೂರಿಗೆ ಬಂದ ಇಬ್ಬರಿಗೂ ಸಿಕ್ಕ ಮೊದಲ ದೊಡ್ಡ ಕೆಲಸ ಇದೇ ಈಜುಕೊಳ. ಗುಂಡಿಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕಿದವಳು ಅವಳು, ತಳಕ್ಕೆ ಗಾರೆ ಎಳೆದವನು ಅವನು. ಕೆಲಸ ಮುಗಿದ ಮೇಲೆ ಮಾಲೀಕರು ಅವಳನ್ನು ಕಸ ಗುಡಿಸಲು, ಟೈಲ್ಸ್ ಉಜ್ಜಲು ಇಟ್ಟುಕೊಂಡರು. ಈಗ ಸಂಸಾರ ಶ್ರೀಗಂಧದ ಕಾವಲಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ದಿನಾ ಬೆಳಿಗ್ಗೆ ಮಾಗಡಿ ರಸ್ತೆಯ ಬಸ್ಸು ಹಿಡಿದು, ಬಸ್ಸಿನಲ್ಲೂ ಒಂದು ಜಗಳ ಮುಗಿಸಿ, ಕೆಲಸಕ್ಕೆ ಬರುತ್ತಾಳೆ. ಮ್ಯಾನೇಜರ್ ಚಕ್ರಪಾಣಿ ರೇಗಿದಾಗಲೆಲ್ಲ ಅವಳ ಉತ್ತರ ಒಂದೇ: “ಈ ಗುಂಡಿ ತೋಡಿದಾಕಿ ನಾನ್ರೀ ಸಾರ್. ನೀವು ಆಮ್ಯಾಲ ಬಂದೋರು.”

ತಾನು ತೋಡಿದ ಗುಂಡಿಯೇ ಆದರೂ ಅದರ ನೀರು ಅವಳದಲ್ಲ. ಕೆಲಸದವರು ಕೊಳಕ್ಕೆ ಇಳಿಯುವಂತಿಲ್ಲ ಎಂಬುದು ಅಲ್ಲಿನ ನಿಯಮ. ಆ ನಿಯಮವನ್ನು ಲಕ್ಷ್ಮವ್ವ ಮುರಿದದ್ದು ಒಂದೇ ಸಲ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಹೆಂಗಸರ ಹೊತ್ತು. ಅದಕ್ಕೆ ಎಲ್ಲರೂ ಲೇಡೀಸ್ ಬ್ಯಾಚ್ ಅನ್ನುತ್ತಾರೆ. ಆ ಬ್ಯಾಚಿನ ಹಿರಿಯರು ಜಗದಾಂಬಾ. ದಾವಣಗೆರೆ ಕಡೆಯವರು, ಹೈಸ್ಕೂಲ್ ಮೇಡಂ ಆಗಿ ನಿವೃತ್ತರಾದವರು. ಹಣೆಯ ವಿಭೂತಿಯನ್ನು ಒರೆಸಿ ನೀರಿಗಿಳಿದು, ಮೇಲೆ ಬಂದೊಡನೆ ಮತ್ತೆ ಹಚ್ಚಿಕೊಳ್ಳುವ ಹೆಂಗಸು. ಒಮ್ಮೆ ಆಳದ ಕಡೆ ಅವರ ಕಾಲಿನ ಸ್ನಾಯು ಸೆಟೆದು ಅವರು ಮುಳುಗತೊಡಗಿದರು. ಲಕ್ಷ್ಮವ್ವ ಕೈಯಲ್ಲಿದ್ದ ಪೊರಕೆ ಎಸೆದು, ಉಟ್ಟ ಸೀರೆಯಲ್ಲೇ ಹಾರಿ, ಟೀಚರಮ್ಮನ ಜಡೆಗೆ ಕೈ ಹಾಕಿ ಎಳೆದು ತಂದಳು. ಅಂದಿನಿಂದ ಲೇಡೀಸ್ ಬ್ಯಾಚಿಗೆ ಕಾವಲು ಲಕ್ಷ್ಮವ್ವನೇ ಆದಳು. ಕೊಳದ ಅಂಚಿಗೆ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಬಂತು. ಮೂರು ಗಂಟೆಗೆ ಗೇಟಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಅವಳು ಆ ಕುರ್ಚಿಯಲ್ಲಿ ಕೂತರೆ ಮಾಲೀಕರು ಬಂದರೂ ನಾಲ್ಕರವರೆಗೆ ಹೊರಗೇ. ದಿನವಿಡೀ ಎಲ್ಲರ ಮಾತು ಕೇಳಿ ಗುಡಿಸುವವಳಿಗೆ ಆ ಒಂದು ತಾಸು ಸ್ವಂತ ರಾಜ್ಯ. ಅದನ್ನು ಅವಳು ಯಾರಿಗೂ ಬಿಟ್ಟುಕೊಡುವವಳಲ್ಲ.

ಬಿಟ್ಟುಕೊಡುವ ಪ್ರಸಂಗ ಬಂದದ್ದು ಒಂದು ಶುಕ್ರವಾರ, ಪಂಪ್ ರೂಮಿನಿಂದ.

ಪಂಪ್ ರೂಮು ಇರುವುದು ಗೇಟಿನ ಒಳಗೇ, ಕೊಳದ ಮೂಲೆಯಲ್ಲಿ. ಮೋಟಾರು ಕೊಳದ ನೀರನ್ನು ಎಳೆದು ಒಂದು ದೊಡ್ಡ ಫಿಲ್ಟರಿಗೆ ನೂಕುತ್ತದೆ. ಶುದ್ಧವಾದ ನೀರು ಅಲ್ಲಿಂದ ಎರಡಿಂಚಿನ ಬಿಳಿ ಪಿವಿಸಿ ಪೈಪಿನಲ್ಲಿ ಗೋಡೆ ತೂರಿ ಮತ್ತೆ ಕೊಳಕ್ಕೆ ಸೇರುತ್ತದೆ. ಫಿಲ್ಟರಿಗೂ ಗೋಡೆಗೂ ನಡುವೆ ಆ ಪೈಪಿಗೆ ಒಂದು ಯೂನಿಯನ್ ಇದೆ. ಎರಡು ತುಂಡುಗಳನ್ನು ಎದುರುಬದುರು ಇಟ್ಟು, ಮೇಲೆ ಒಂದು ದಪ್ಪ ರಿಂಗು ತಿರುಗಿಸಿ ಬಿಗಿ ಮಾಡುವ ಕೀಲು ಅದು. ಅಲ್ಲಿಂದ ನೀರು ಸೋರತೊಡಗಿತ್ತು. ಮೊದಲು ತೊಟ್ಟು, ಆಮೇಲೆ ದಾರ, ಸಂಜೆಯ ಹೊತ್ತಿಗೆ ಪಂಪ್ ರೂಮಿನ ನೆಲ ಕೆರೆ.

ಚಕ್ರಪಾಣಿ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಹೊರಗೆ ಬಂದು ತೀರ್ಪು ಕೊಟ್ಟ. “ಹೆಂಗಸರ ಕೂದಲು ಕಣಮ್ಮ ಇದಕ್ಕೆಲ್ಲ ಕಾರಣ. ಎಣ್ಣೆ ತಲೆ, ಉದ್ದ ಕೂದಲು. ಎಲ್ಲಾ ಹೋಗಿ ಕಟ್ಕೊಳತ್ತೆ, ಪ್ರೆಷರ್ ಏರತ್ತೆ, ಜಾಯಿಂಟ್ ಬಿಡತ್ತೆ. ಮುನಿಯಣ್ಣ ಬರೋ ತನಕ ಪಂಪಿಗೆ ಮಧ್ಯಾಹ್ನ ರೆಸ್ಟು. ಮಂಗಳವಾರದಿಂದ ಲೇಡೀಸ್ ಬ್ಯಾಚ್ ಇಲ್ಲ.”

ಮುನಿಯಣ್ಣ ಅಲ್ಲಿಗೆ ಯಾವಾಗಲೂ ಬರುವ ಪ್ಲಂಬರ್. ಆತ ಆಗ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದ, ಬರಲು ಇನ್ನೊಂದು ವಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದೇ. ಸೋರಿದ್ದು ಪೈಪು, ಬರೆ ಬಿದ್ದದ್ದು ಹೆಂಗಸರ ಹೊತ್ತಿಗೆ. ಬೆಳಗಿನ ಗಂಡಸರ ಬ್ಯಾಚಿಗಾಗಲಿ, ಸಂಜೆಯ ಕೋಚಿಂಗಿಗಾಗಲಿ ರೆಸ್ಟಿನ ಮಾತೇ ಇಲ್ಲ.

‘ಮುನಿಯಣ್ಣ ಬರೋ ತನಕ’ ಅನ್ನುವ ಮಾತಿನ ಅರ್ಥ ಲಕ್ಷ್ಮವ್ವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಬೆಳಿಗ್ಗೆಯೂ ಹೆಂಗಸರಿಗೆ ಒಂದು ತಾಸು ಇತ್ತು. ‘ಟೈಲ್ಸ್ ಕೆಲಸ ಮುಗಿಯೋ ತನಕ’ ಎಂದು ಅದನ್ನು ನಿಲ್ಲಿಸಿದರು. ಟೈಲ್ಸ್ ಮುಗಿದು, ಹಳತಾಗಿ, ಒಂದೆರಡು ಒಡೆದೂ ಹೋದವು. ಆ ತಾಸು ಮಾತ್ರ ಮರಳಿ ಬರಲಿಲ್ಲ. ಈಗಲೂ ಮಂಗಳವಾರ ಮೂರು ಗಂಟೆಗೆ ಹೊಸ ಕೋಚ್ ಒಬ್ಬ ಜಾಗ ನೋಡಲು ಬರುತ್ತಾನೆಂಬ ಸುದ್ದಿ ಆಫೀಸಿನಿಂದ ಅವಳ ಕಿವಿಗೆ ಬಿದ್ದಿತ್ತು. ಮಕ್ಕಳ ಬೇಸಿಗೆ ಶಿಬಿರವಂತೆ, ಮೂರರಿಂದ ನಾಲ್ಕಂತೆ. ಚಕ್ರಪಾಣಿ ಕೆಟ್ಟವನೆಂದಲ್ಲ. ಹಬ್ಬಕ್ಕೆ ಸೀರೆ ಕೊಡಿಸುತ್ತಾನೆ, ಜ್ವರ ಬಂದರೆ ಮಾತ್ರೆ ತಂದುಕೊಡುತ್ತಾನೆ. ಆದರೆ ಹೆಂಗಸರು ಈಜುವುದು ಅವನ ಲೆಕ್ಕದಲ್ಲಿ ಹೊತ್ತು ಹೋಗದವರ ಕೆಲಸ, ಮತ್ತು ತಾನು ಹಿಡಿದ ಮೊಲಕ್ಕೆ ಅವನಲ್ಲಿ ಯಾವಾಗಲೂ ಮೂರೇ ಕಾಲು.

ಶನಿವಾರ ಬೆಳಿಗ್ಗೆ ಲಕ್ಷ್ಮವ್ವ ಪಂಪ್ ರೂಮಿಗೆ ಹೋಗಿ, ಮೊಬೈಲಿನ ಬೆಳಕು ಬಿಟ್ಟು, ಟ್ಯೂಬಿನ ಪಟ್ಟಿ ಸರಿಸಿ, ಬಗ್ಗಿ ಯೂನಿಯನ್ನಿನ ತಳ ನೋಡಿದಳು. ನೋಡಿದವಳೇ ಅಲ್ಲೇ ಕುಕ್ಕರಿಸಿದಳು.

ಬಿಳಿ ಪೈಪಿನ ಕೆಳಬದಿ ಕಂದಿತ್ತು. ಯೂನಿಯನ್ನಿನ ತುಟಿ ಒಂದು ಕಡೆ ಮೇಣದಂತೆ ಇಳಿದು ಸೊಟ್ಟಗಾಗಿತ್ತು. ಅದರ ನೇರ ಕೆಳಗೆ ಅವಳ ಗಂಗಮ್ಮ ಇದ್ದಳು. ಗಂಗಮ್ಮ ಎಂದರೆ ಅಂಗೈಯಗಲದ ಒಂದು ಕಲ್ಲು. ಕೊಳ ತೋಡುವಾಗ ಸಿಕ್ಕಿದ್ದನ್ನು ಲಕ್ಷ್ಮವ್ವ ಎಸೆಯದೆ ಇಟ್ಟುಕೊಂಡು, ಅರಿಶಿನ ಹಚ್ಚಿ, ಪಂಪ್ ರೂಮಿನಲ್ಲಿ ಕೂರಿಸಿದ್ದಳು. ನೀರಿರುವಲ್ಲಿ ಗಂಗಮ್ಮ ಇಲ್ಲದಿದ್ದರೆ ಹೇಗೆ? ಪ್ರತಿ ಶುಕ್ರವಾರ ಎರಡು ಹೂವು, ಒಂದು ಊದುಬತ್ತಿ, ಒಂದಿಷ್ಟು ಕರ್ಪೂರ. ಹೊಸ ಮೋಟಾರು ಬಂದಾಗ ಅದಕ್ಕೆ ಜಾಗ ಬಿಡಲೆಂದು ಕಲ್ಲನ್ನು ಪೈಪಿನ ಅಡಿಗೆ ಸರಿಸಿದ್ದಳು. ಅಲ್ಲಿಂದ ಶುಕ್ರವಾರ ಶುಕ್ರವಾರವೂ ಕರ್ಪೂರದ ಉರಿ ಮೇಲೆದ್ದು ಯೂನಿಯನ್ನನ್ನು ನೆಕ್ಕಿತ್ತು. ಅವಳು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು, ಹಾಗಾಗಿ ಕಂಡಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಮರೆಪ್ಪನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತ ಯೋಚಿಸಿ, “ಸುಮ್ನಿದ್ದುಬಿಡು. ಅಂವ ಕೂದ್ಲ ಅಂದಾನಂದ್ರ ಕೂದ್ಲ ಇರ್ಲಿ. ನಿನ್ನ ನೌಕ್ರಿ ಉಳೀತೈತಿ,” ಎಂದ.

“ಯಾರ ಕೂದ್ಲಾ? ಟೀಚರಮ್ಮಂದು?” ಲಕ್ಷ್ಮವ್ವನ ದನಿ ಪಕ್ಕದ ಮನೆಗೂ ಹೋಯಿತು. “ಆ ಕೂದ್ಲಾ ಹಿಡದ ನಾ ಆಕೀನ ಮ್ಯಾಲ ಎಳದೀನಿ. ಈಗ ಅದ ಕೂದ್ಲಾ ಹಿಡದು ಹೊರಗ ಹಾಕಲೇನು?”

ಮರೆಪ್ಪ ಇನ್ನೊಂದು ರೊಟ್ಟಿ ಹಾಕಿಕೊಂಡ. ಹೆಂಡತಿ ತೀರ್ಮಾನ ಮಾಡಿಯಾಗಿದೆ, ತನ್ನನ್ನು ಕೇಳಿದ್ದು ಮರ್ಯಾದೆಗೆ ಎಂದು ಅವನಿಗೆ ತಿಳಿಯಿತು.

ಭಾನುವಾರ ಮೂರು ಗಂಟೆಗೆ ಹೆಂಗಸರು ಬಂದಾಗ ಗೇಟಿನ ಮೇಲೆ ಬೋರ್ಡು ತೂಗುತ್ತಿತ್ತು: ‘ಮಂಗಳವಾರದಿಂದ ಮಹಿಳೆಯರ ಬ್ಯಾಚ್ ರದ್ದು.’ ಜಗದಾಂಬಾ ಕನ್ನಡಕ ಏರಿಸಿ ಓದಿದರು. ಅವರ ಹಿಂದೆ ರಕ್ಷಾ ನಿಂತಿದ್ದಳು. ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಹುಡುಗಿ, ಊಟದ ಬಿಡುವನ್ನು ಊಟಕ್ಕೆ ಕೊಡದೆ ಸ್ಕೂಟಿಯಲ್ಲಿ ಇಲ್ಲಿಗೆ ಓಡಿಬರುವವಳು. ಮಿಕ್ಕವರೂ ಬಂದು ಸೇರಿದರು. ಚಕ್ರಪಾಣಿ ಆಫೀಸಿನ ಬಾಗಿಲಲ್ಲಿ ನಿಂತು ಕೂದಲಿನ ಕಥೆಯನ್ನು ಮತ್ತೊಮ್ಮೆ ಹೇಳಿದ. ಹೆಂಗಸರು ಒಬ್ಬರ ತಲೆ ಒಬ್ಬರು ನೋಡಿಕೊಂಡರು. ರಕ್ಷಾ ತನ್ನ ಜಡೆಯನ್ನು ಕೈಯಿಂದ ಮುಟ್ಟಿಕೊಂಡಳು. ಅದನ್ನು ನೋಡಿದ ಲಕ್ಷ್ಮವ್ವನಿಗೆ ತಡೆಯಲಾಗಲಿಲ್ಲ.

“ಕೂದ್ಲಲ್ರಿ ಸಾರ್!” ಎಂದು ಪೊರಕೆ ನೆಲಕ್ಕೆ ಕುಟ್ಟಿದಳು. “ನನ್ನ ಕರ್ಪೂರ. ಗಂಗವ್ವನ ಮುಂದ ಹಚ್ಚೀನಿ, ಉರಿ ಹೋಗಿ ಪೈಪ್ ಸುಟ್ಟೈತಿ. ನಾನ ಮಾಡಿದ್ದು. ಇವರದ್ಯಾರದೂ ಅಲ್ಲ.”

ತಪ್ಪು ಮಾಡಿದವರು ಇಷ್ಟು ಜೋರಾಗಿ ಕೂಗಿದ್ದನ್ನು ಚಕ್ರಪಾಣಿ ಕಂಡಿರಲಿಲ್ಲ. “ಹಾಗಾದ್ರೆ ಮೊದ್ಲು ನಿನ್ನ ತೆಗೀಬೇಕಮ್ಮ,” ಎಂದ.

“ತೆಗೀರಿ. ಅದಕ್ಕಿಂತ ಮೊದ್ಲ ನಾ ಆ ಯೂನಿಯನ್ ತೆಗೀತೀನಿ. ನಾಳೆ ಹೆಂಗೂ ರಜಾ. ಮಂಗಳವಾರ ಮೂರಕ್ಕ ಪಂಪ್ ಚಾಲೂ ಮಾಡ್ತೀನಿ. ಒಂದು ಹನಿ ಸೋರ್ಲಿ, ನಾನೂ ಹೋಗ್ತೀನಿ, ಬ್ಯಾಚೂ ಹೋಗ್ಲಿ. ಸೋರ್ಲಿಲ್ಲಂದ್ರ ಈ ಬೋರ್ಡ್ ನಿಮ್ಮ ಕೈಯಾರೆ ತೆಗೀಬೇಕು.”

“ನೀನಾ? ಪ್ಲಂಬಿಂಗಾ?” ಎಂದು ಚಕ್ರಪಾಣಿ ನಕ್ಕ. “ಮಾಡಮ್ಮ, ಮಾಡು. ಅದನ್ನೂ ನೋಡೇಬಿಡೋಣ.”

ಅವನು ಒಳಗೆ ಹೋದ ಮೇಲೆ ಲಕ್ಷ್ಮವ್ವ ಹೆಂಗಸರ ಕಡೆ ತಿರುಗಿದಳು. “ಬಸ್ಸಿನ್ಯಾಗ ಸೀಟ್ ಹಿಡ್ಯಾಕ ಏನ್ ಹಾಕ್ತಾರ್ರಿ?”

“ಟವೆಲ್,” ಎಂದರು ಜಗದಾಂಬಾ, ಪಾಠದಲ್ಲಿ ಪ್ರಶ್ನೆ ಕೇಳಿಸಿಕೊಂಡ ಹುಡುಗಿಯಂತೆ.

“ಹಾಂ. ಮಂಗಳವಾರ ಎಲ್ಲಾರೂ ಟವೆಲ್ ತಗೊಂಡು ಮೂರಕ್ಕಿಂತ ಮುಂಚೇನ ಬರ್ರಿ. ಒಬ್ರೂ ತಪ್ಪಸ್ಬ್ಯಾಡ್ರಿ.”

ಸೋಮವಾರ ಕೊಳಕ್ಕೆ ವಾರದ ರಜೆ. ರಕ್ಷಾ ಮೂಡಲಪಾಳ್ಯದ ಅಂಗಡಿಯಿಂದ ಎರಡು ಹೊಸ ಯೂನಿಯನ್, ಒಂದು ತುಂಡು ಪೈಪು, ಎರಡು ಪೈಪನ್ನು ಜೋಡಿಸುವ ಒಂದು ಕಪ್ಲಿಂಗು, ಪೈಪು ಅಂಟಿಸುವ ಸೊಲ್ಯೂಷನ್ ಡಬ್ಬಿ ತಂದುಕೊಟ್ಟು ಕೆಲಸಕ್ಕೆ ಓಡಿದಳು. ಒಂದೇ ಸಾಲದೇನು ಎಂದು ಅವಳು ಕೇಳಿದ್ದಕ್ಕೆ, “ಇನ್ನೊಂದು ಇರ್ಲವ್ವ, ಕೆಟ್ರ ಬೇಕಾಗ್ತೈತಿ, ಮಾರಿಗುಡಿಗೆ ಕುರಿ ಬಿಟ್ಟಂಗ,” ಎಂದಿದ್ದಳು ಲಕ್ಷ್ಮವ್ವ. ಜಗದಾಂಬಾ ಮಾತ್ರ ಹೋಗದೆ ಪ್ಲಾಸ್ಟಿಕ್ ಕುರ್ಚಿಯನ್ನು ಪಂಪ್ ರೂಮಿನ ಬಾಗಿಲಿಗೆ ಎಳೆದುಕೊಂಡು ಕೂತರು. ಏನಾದರೂ ಆದರೆ ಪಕ್ಕದಲ್ಲಿ ಒಬ್ಬರಿರಲಿ ಎಂದು.

ಲಕ್ಷ್ಮವ್ವ ಎಲ್ಲಕ್ಕಿಂತ ಮೊದಲು ಗಂಗಮ್ಮನನ್ನು ಎತ್ತಿ ಬಾಗಿಲ ಬಳಿ ಇಟ್ಟಳು. ವಾಲ್ವುಗಳನ್ನು ಮುಚ್ಚಿ, ಸುಟ್ಟ ಯೂನಿಯನ್ನಿನ ಹಿಂದೆ ಗರಗಸದ ಬ್ಲೇಡಿಟ್ಟು ಕೊಯ್ದಳು. ಫಿಲ್ಟರಿನ ಕಡೆಯ ತುಂಡಿಗೆ ಉರಿ ತಾಗಿರಲಿಲ್ಲ, ಅದನ್ನು ಹಾಗೇ ಬಿಟ್ಟಳು. ಗೋಡೆಯಿಂದ ಹೊರಬಂದ ಪೈಪು ಒಂದು ಗೇಣು ಉಳಿಯಿತು. ಆದರೆ ವಾಲ್ವು ಹಳೆಯದು, ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಪೈಪಿನ ಬಾಯಿಂದ ಸಣ್ಣಗೆ ನೀರು ಜಿನುಗುತ್ತಲೇ ಇತ್ತು. ಒದ್ದೆ ಪೈಪಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಇಂಥ ಕಡೆ ಮುನಿಯಣ್ಣ ಬೇಕರಿಯ ಬನ್ನನ್ನು ಪೈಪಿನೊಳಗೆ ತುರುಕುವುದನ್ನು ಅವಳು ನೋಡಿದ್ದಳು. ಅದು ನೀರನ್ನು ಅಷ್ಟು ಹೊತ್ತು ತಡೆದು, ಆಮೇಲೆ ಪಂಪ್ ಹಾಕಿದಾಗ ಕರಗಿ ಹೋಗುತ್ತದೆ. ಬನ್ನು ಎಲ್ಲಿಂದ ತರಲಿ? ಅವಳು ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯನ್ನು ನೀರಲ್ಲಿ ನಾದಿ, ಉಂಡೆ ಕಟ್ಟಿ ಒಳಗೆ ಒತ್ತಿದಳು. ಜಿನುಗು ನಿಂತಿತು.

“ಊಟಕ್ಕೇನು ಮಾಡ್ತೀಯೇ?” ಎಂದರು ಜಗದಾಂಬಾ.

“ಇವತ್ತ ಪೈಪ್ ಉಣ್ಲಿ ಬಿಡ್ರಿ.”

ಪೈಪಿನ ತುದಿ ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಹೊಸ ಯೂನಿಯನ್ನಿನ ತುಂಡನ್ನು ಒತ್ತಿ ಒಂದು ಸುತ್ತು ತಿರುಗಿಸಿ ಹಿಡಿದಳು. ಅದು ಗಟ್ಟಿಯಾಗಿ ಕೂತಿತು. ಲಕ್ಷ್ಮವ್ವನ ಮುಖ ಅರಳಿತು. ಸೆರಗಿನಿಂದ ಬೆವರು ಒರೆಸಿಕೊಂಡು, “ನೋಡ್ರಿ ಟೀಚರಮ್ಮ, ಆತು. ಇಷ್ಟಕ್ಕ ಮುನಿಯಣ್ಣ ಬೆಟ್ಟದಿಂದ ಇಳೀಬೇಕಿತ್ತೇನು?” ಎಂದಳು.

“ಆಯ್ತು. ಈ ಬಳೆಯಂಥದು ಎಲ್ಲಿಗೆ ಹಾಕೋದು?” ಎಂದು ಜಗದಾಂಬಾ ಕಾಲ ಬುಡದಿಂದ ಒಂದು ದಪ್ಪ ರಿಂಗನ್ನು ಎತ್ತಿ ತೋರಿಸಿದರು.

ಲಕ್ಷ್ಮವ್ವ ಅದನ್ನು ಕಸಿದುಕೊಂಡು ನೋಡಿದಳು. ಆ ರಿಂಗನ್ನು ಮೊದಲು ಪೈಪಿಗೆ ತೂರಿಸಿ, ಆಮೇಲೆ ತುಂಡನ್ನು ಅಂಟಿಸಬೇಕು. ತುಂಡಿನ ತಲೆ ದಪ್ಪ, ಅಂಟಿದ ಮೇಲೆ ರಿಂಗು ಆಚೆಯಿಂದಲೂ ಹೋಗದು ಈಚೆಯಿಂದಲೂ ಹೋಗದು. ಎಳೆದಳು, ತಿರುವಿದಳು, ಕಾಲು ಕೊಟ್ಟು ಜಗ್ಗಿದಳು. ಸೊಲ್ಯೂಷನ್ ಅಷ್ಟರಲ್ಲೇ ಕಲ್ಲಾಗಿತ್ತು. ತನ್ನ ಕೈಗೆ, ಬಾಯಿಗೆ, ಮುನಿಯಣ್ಣನಿಗೆ, ಪೈಪು ಕಂಡುಹಿಡಿದವನಿಗೆ, ಎಲ್ಲರಿಗೂ ಬೈದು ಕೊನೆಗೆ ಗಂಗಮ್ಮನನ್ನೂ ನೋಡಿ, “ನೀನರ ಹೇಳಬಾರದಿತ್ತೇನು? ಅಲ್ಲೇ ಕುಂತಿದ್ದಿಯಲ್ಲ!” ಎಂದಳು.

ಫೋನಿನಲ್ಲಿ ಮುನಿಯಣ್ಣ ಬಿದ್ದು ಬಿದ್ದು ನಕ್ಕ. ಅವನ ಹಿಂದೆ ‘ಉಘೇ ಉಘೇ’ ಕೇಳುತ್ತಿತ್ತು. “ಅಕ್ಕಾ, ಅದನ್ನ ಮಾಡ್ದೇ ಇರೋ ಪ್ಲಂಬರ್ರೇ ಇಲ್ಲ ಕಣಕ್ಕಾ. ನಾನೂ ಮಾಡಿದೀನಿ. ಕುಯ್ದು ಇನ್ನೊಂದು ಹಾಕು. ಆದ್ರೆ ಗೋಡೆ ಹತ್ರ ಹುಷಾರು. ಪೈಪ್ ಇನ್ನೂ ಗಿಡ್ಡ ಆದ್ರೆ ಗೋಡೆ ಒಡೀಬೇಕಾಗತ್ತೆ. ಅಂಟಿಸಿದ್ಮೇಲೆ ಒಂದು ದಿನ ನೀರು ಮುಟ್ಟಿಸ್ಬೇಡ. ಯಾರು ಏನಂದ್ರೂ ಮುಟ್ಟಿಸ್ಬೇಡ.”

ಕೊಯ್ದಳು. ಗೇಣುದ್ದದ ಪೈಪು ನಾಲ್ಕು ಬೆರಳಿಗೆ ಇಳಿಯಿತು. ಇನ್ನೊಮ್ಮೆ ತಪ್ಪಿದರೆ ಗೋಡೆಗೆ ಸುತ್ತಿಗೆ ಬೀಳಬೇಕು. ಗೋಡೆ ಒಡೆದರೆ ಟೈಲ್ಸ್, ಟೈಲ್ಸ್ ಅಂದರೆ ಮತ್ತೆ ‘ಕೆಲಸ ಮುಗಿಯೋ ತನಕ’. ಲಕ್ಷ್ಮವ್ವನಿಗೆ ಆ ದಿನ ಮೊದಲ ಬಾರಿ ಭಯವಾಯಿತು. ಅದು ಟೀಚರಮ್ಮನಿಗೆ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ಕೂತಳು. ಮೂರರಿಂದ ನಾಲ್ಕು ಹೋದರೆ ತನಗೆ ಉಳಿಯುವುದು ಪೊರಕೆ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಟೀಚರಮ್ಮ ಮನೆಯಲ್ಲಿ ಮೊಮ್ಮಗನ ಹೋಂವರ್ಕಿಗೆ, ರಕ್ಷಾ ಕ್ಲಿನಿಕ್ಕಿನ ಕೌಂಟರಿಗೆ ಮರಳುತ್ತಾರೆ. ಕಾಲುವೆಯ ಹಾದಿ ಒಂದು ಸಲ ಬಂದ್ ಆದದ್ದು ಸಾಲದೇ?

ಅವಳು ಹೊಸ ರಿಂಗನ್ನು ತೆಗೆದು ತನ್ನ ಕೈಗೆ, ಹಸಿರು ಬಳೆಗಳ ಪಕ್ಕಕ್ಕೆ, ಬಳೆಯಂತೆಯೇ ತೊಟ್ಟುಕೊಂಡಳು. ಇನ್ನು ಮರೆಯುವ ಮಾತಿಲ್ಲ. ಅದು ಮಣಿಕಟ್ಟಿಗೆ ಬಡಿಯುತ್ತಲೇ ಇರುತ್ತದೆ. ಗೋಡೆಯ ನಾಲ್ಕು ಬೆರಳಿನ ಮೋಟಿಗೆ ಕಪ್ಲಿಂಗ್ ಅಂಟಿಸಿದಳು. ಅದರಿಂದ ಮುಂದಕ್ಕೆ ಹೊಸ ಪೈಪಿನ ತುಂಡು. ಯೂನಿಯನ್ನಿನ ಹೊತ್ತು ಬಂದಾಗ ಸೊಲ್ಯೂಷನ್ ಡಬ್ಬಿ ಮುಟ್ಟುವ ಮೊದಲು ಕೈಯಿಂದ ರಿಂಗು ಕಳಚಿ ಪೈಪಿಗೆ ತೊಡಿಸಿದಳು. ಜಗದಾಂಬಾ ಕುರ್ಚಿಯಿಂದ ಎದ್ದು ಬಗ್ಗಿ ನೋಡಿ, ಉತ್ತರ ಪತ್ರಿಕೆಗೆ ಸರಿ ಗುರುತು ಹಾಕುವವರಂತೆ ತಲೆಯಾಡಿಸಿದರು. ಎಲ್ಲ ಮುಗಿದಾಗ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಪಂಪ್ ರೂಮಿಗೆ ಬೀಗ ಜಡಿದು ಕೀಲಿಯನ್ನು ಲಕ್ಷ್ಮವ್ವ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ ಚಕ್ರಪಾಣಿ ಕೀಲಿ ಕೇಳಿದ. “ಕೊಡಮ್ಮ, ಹಾಕಿ ನೋಡ್ಬಿಡೋಣ. ಬೆಳಗಿನವರು ಬಂದಿದಾರೆ.”

“ಮೂರಕ್ಕ.”

“ಅಷ್ಟು ಗಟ್ಟಿ ಆಗಿದೆ ಅಂತೀಯ, ಈಗ್ಲೇ ಹಾಕಕ್ಕೇನು ಕಷ್ಟ?”

“ಬಾಣಂತಿನ ಹೆತ್ತ ದಿನಾನ ಹೊಲಕ್ಕ ಕಳಸ್ತೀರೇನ್ರಿ? ಒಂದು ದಿನ ಅಂದ್ರ ಒಂದು ದಿನ. ನಿನ್ನೆ ಮೂರಕ್ಕ ಅಂಟಸೀನಿ, ಇವತ್ತ ಮೂರಕ್ಕ ಚಾಲೂ. ಕೀಲಿ ಬೇಕಂದ್ರ ನನ್ನ ಸೊಂಟದಾಗ ಐತಿ, ಬಂದು ತಗೋರಿ.”

ಚಕ್ರಪಾಣಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಅಜ್ಜನೂ ಆ ಕೀಲಿಗೆ ಕೈ ಹಾಕುತ್ತಿರಲಿಲ್ಲ. ಬೆಳಗಿನವರು ನಿಂತ ನೀರಲ್ಲೇ ಈಜಿ, ಗೊಣಗಿಕೊಂಡು ಹೋದರು.

ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಹೊಸ ಕೋಚ್ ಬಂದ. ಕೆಂಗೇರಿ ಕಡೆಯ ಹುಡುಗ, ಕೊರಳಲ್ಲಿ ಸೀಟಿ. ಚಕ್ರಪಾಣಿ ಅವನನ್ನು ಗೇಟಿನೊಳಗೆ ಕರೆತಂದು, “ನೋಡಿ, ಇದೇ ನಿಮ್ಮ…” ಎಂದವನು ಅಲ್ಲೇ ನಿಂತ.

ಕೊಳದ ನಾಲ್ಕೂ ಅಂಚಿಗೆ ಟವೆಲುಗಳು. ಹೂವಿನವು, ಪಟ್ಟೆಯವು, ಬಣ್ಣ ಹೋದವು, ಜಗದಾಂಬಾ ಅವರ ಕೆಂಪಂಚಿನ ಬಿಳಿ ಪಂಚೆ ಸಹ. ಒಂದೊಂದರ ಪಕ್ಕದಲ್ಲೂ ಒಬ್ಬೊಬ್ಬ ಹೆಂಗಸು ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಳು. ಯಾವಾಗಲೋ ಒಮ್ಮೆ ಬರುತ್ತಿದ್ದವರೂ ಅಂದು ಬಂದಿದ್ದರು. ಎಲ್ಲರೂ ಗಂಡಸರಿಬ್ಬರನ್ನು ನೋಡುತ್ತ ಕೂತರು.

ಕೋಚ್ ಹುಡುಗ ಮೆಜೆಸ್ಟಿಕ್ಕಿನ ಬಸ್ಸುಗಳಲ್ಲಿ ಬೆಳೆದವನು. ನೋಡಿದೊಡನೆ ಅರ್ಥವಾಗಿ, ದನಿ ತಗ್ಗಿಸಿ ಹೇಳಿದ: “ಸಾರ್, ಸೀಟ್ ಹಿಡ್ದಿದಾರೆ ಸಾರ್. ಟವೆಲ್ ಎತ್ತಿ ಕೂತ್ರೆ ಹೊಡೆದಾಟ ಆಗತ್ತೆ. ನಾನು ಬೇರೆ ಟೈಮ್ ನೋಡ್ತೀನಿ ಬಿಡಿ.” ಎಂದವನೇ ಹೊರಟ.

“ಮೂರಾತು,” ಎಂದಳು ಲಕ್ಷ್ಮವ್ವ. “ಗಂಡಸ್ರು ಹೊರಗ.”

“ಏಯ್, ಪೈಪ್ ನೋಡ್ಬೇಕು ನಾನು!”

“ನಾಲ್ಕಕ್ಕ ನೋಡ್ರಿ. ಈಗ ಲೇಡೀಸ್ ಟೈಮ್.” ಗೇಟು ಮುಚ್ಚಿತು, ಬೀಗ ಬಿತ್ತು.

ಒಳಗೆ ಆ ಧೈರ್ಯ ಅಷ್ಟಿರಲಿಲ್ಲ. ಪಂಪ್ ರೂಮಿನಲ್ಲಿ ವಾಲ್ವು ಬಿಚ್ಚಿ, ಗಂಗಮ್ಮನ ಕಡೆ ಒಮ್ಮೆ ನೋಡಿ, ಅವಳು ಸ್ವಿಚ್ಚು ಒತ್ತಿದಳು. ಮೋಟಾರು ಗುಂಯ್‌ಗುಟ್ಟಿತು. ಪೈಪು ಒಮ್ಮೆ ಮೈ ಕೊಡವಿ ನಿಂತಿತು. ರಿಂಗಿನ ಅಡಿಯಲ್ಲಿ ಒಂದು ಹನಿ ಮೂಡಿ, ದಪ್ಪವಾಗಿ, ತೂಗಿತು. ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರು ಕತ್ತು ಚಾಚಿದರು. ಲಕ್ಷ್ಮವ್ವ ಸೆರಗಿನಿಂದ ಹನಿ ಒರೆಸಿ, ಎರಡೂ ಕೈಯಲ್ಲಿ ರಿಂಗನ್ನು ಹಿಡಿದು, ರೊಟ್ಟಿ ತಟ್ಟಿ ಗಟ್ಟಿಯಾದ ತೋಳಿನಿಂದ ಇನ್ನೊಂದು ಸುತ್ತು ಬಿಗಿ ಮಾಡಿದಳು. ಮತ್ತೆ ಬೆರಳಿಟ್ಟು ಕಾದಳು. ಬೆರಳು ಒಣಗಿಯೇ ಇತ್ತು. ಕಪ್ಲಿಂಗಿನ ಸುತ್ತ ಕೈಯಾಡಿಸಿದಳು. ಅದೂ ಒಣ. ನೆಲವೂ ಒಣ.

ಅಷ್ಟರಲ್ಲಿ ಕೊಳದ ಕಡೆಯಿಂದ ರಕ್ಷಾ ಕೂಗಿದಳು. “ಆಂಟೀ, ನೀರಲ್ಲಿ ಏನೋ ಪುಡಿ ಪುಡಿ ಬರ್ತಾ ಇದೆ!”

“ಅಂಜಬ್ಯಾಡ್ರಿ, ನನ್ನ ರೊಟ್ಟಿ! ಜಾಳಿಗ್ಯಾಗ ಹಿಡೀರಿ!”

ಆಗ ಎದ್ದ ನಗೆ ಗೇಟಿನಾಚೆಗೂ ಹೋಯಿತು. ನೀರಿನ ಮೇಲೆ ತೇಲಿದ ರೊಟ್ಟಿಯ ಚೂರುಗಳನ್ನು ಜಾಳಿಗೆಯಲ್ಲಿ ಹಿಡಿದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೊಳಕ್ಕೆ ಇಳಿದರು. ಲಕ್ಷ್ಮವ್ವ ಬಾಗಿಲ ಬಳಿಯ ಗಂಗಮ್ಮನಿಗೆ, ಪೈಪಿನಿಂದ ದೂರದಲ್ಲಿ, ಬರಿಯ ನೆಲದ ಮೇಲೆ ಒಂದು ಚೂರು ಕರ್ಪೂರ ಹಚ್ಚಿದಳು. ಈ ಸಲ ಕಣ್ಣು ತೆರೆದೇ ಕೈ ಮುಗಿದಳು.

ಹೊರಗೆ ಬಂದು ನೋಡಿದರೆ ಅವಳ ಕುರ್ಚಿಯಲ್ಲಿ ಜಗದಾಂಬಾ ಕೂತಿದ್ದರು. ಅಂಚಿನಲ್ಲಿ ಒಂದು ಟವೆಲ್ ಯಾರದೂ ಅಲ್ಲದಂತೆ ಬಿದ್ದಿತ್ತು, ಹೊಸದು, ಇನ್ನೂ ಮಡಿಕೆ ಬಿಚ್ಚದ್ದು.

“ಇದ್ಯಾರ್ದು?”

“ನಿಂದು. ನಾನು ತಂದದ್ದು,” ಎಂದರು ಜಗದಾಂಬಾ. “ಸೀಟ್ ಹಿಡಿದಿದೀನಿ. ಇವತ್ತು ನಾನು ಕಾಯ್ತೀನಿ, ನೀನು ಇಳಿ.”

“ಕೆಲಸದೋರು ಇಳೀಬಾರದಲ್ರಿ.”

“ಬಾಯಿ ಅಷ್ಟುದ್ದ ಇದೆ, ಧೈರ್ಯ ಇಷ್ಟೇನಾ?”

ಆ ಮಾತನ್ನು ಲಕ್ಷ್ಮವ್ವ ಜೀವಮಾನದಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ. ಕೇಳಿ ಸುಮ್ಮನಿರುವವಳೂ ಅಲ್ಲ. ಕೀಲಿಯನ್ನು ಟೀಚರಮ್ಮನ ಕೈಗೆ ಹಾಕಿ, ಸೀರೆಯನ್ನು ಕಚ್ಚೆ ಕಟ್ಟಿ, ಆಳದ ಕಡೆಗೆ ಹೋಗಿ ನಿಂತಳು. ತಾನು ಬುಟ್ಟಿ ಹೊತ್ತು ಏರಿದ್ದ ಗುಂಡಿ ಅದು. ಒಂದು ಕ್ಷಣ ಕೆಳಗೆ ನೋಡಿ ಹಾರಿದಳು. ನೀರು ಅವಳನ್ನು ಮರೆತಿರಲಿಲ್ಲ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಕಾಲುವೆಯಲ್ಲಿ ಹೋದಂತೆಯೇ ತಲೆಯೆತ್ತಿ, ಕೈ ಬೀಸಿ ಹೋದಳು. ಕಣ್ಣು ಕೆಂಪಾದವು. ಅದು ಕ್ಲೋರಿನ್ನಿನಿಂದಲೋ ಬೇರೆಯದರಿಂದಲೋ ಎಂದು ಯಾರೂ ಕೇಳಲಿಲ್ಲ.

ಗೇಟು ಬಡಿದ ಸದ್ದಾಯಿತು. “ಲಕ್ಷ್ಮವ್ವಾ! ಪಂಪ್ ಓಡ್ತಾ ಇದೆಯಲ್ಲ, ಸೋರ್ತಾ ಇದೆಯೇನಮ್ಮ?”

“ಇಲ್ರಿ ಸಾರ್!”

“ಎಲ್ಲಿಂದ ಕೂಗ್ತಿದೀಯ? ಎಲ್ಲಿದೀಯ ನೀನು?”

“ನೀರಾಗ ಅದೀನ್ರಿ!” ಎಂದು ಲಕ್ಷ್ಮವ್ವ ಕೊಳದ ನಟ್ಟನಡುವಿನಿಂದ, ಇಡೀ ಬೀದಿಗೆ ಕೇಳುವಂತೆ ಹೇಳಿದಳು. “ಬೋರ್ಡ್ ತಗದು ಕುಂದರ್ರಿ. ನಾಲ್ಕಕ್ಕ ಬಾಗ್ಲಾ ತೆಗೀತೀನಿ.”

ಹೇಳಿ ಮುಳುಗಿದಳು.